ಕರಿಮದ್ದು ಮತ್ತು ನಿರ್ಧೂಮ ಮದ್ದು

ಶ್ರೀರಂಗಪಟ್ಟಣದಲ್ಲಿದ್ದ ಆಂಗ್ಲ ಸೈನ್ಯವು 1809ರಲ್ಲಿ ಬೆಂಗಳೂರಿಗೆ ಬಂದು ಹಲಸೂರಿನ ಬಳಿ ದಂಡು ಹೂಡಿತು. ಇಂದು ನಗರದ ಬಡಾವಣೆಯಾಗಿರುವ ಕಮ್ಮನಹಳ್ಳಿಯು ಆಗ ಈ ದಂಡಿನ ಈಶಾನ್ಯಕ್ಕಿದ್ದ ಹಳ್ಳಿ. ಅದೇ ಶತಮಾನದ ಕೊನೆಗೆ ಆ ಸೈನ್ಯದ ಬಂದೂಕಿನ ಮದ್ದು ಬದಲಾಯಿತು. ಇದನ್ನು ಹೊಗೆಯ ನಿವಾರಣೆಯೆಂದಷ್ಟೇ ಬಗೆಯುವುದು ವಾಡಿಕೆ. ದಹನದ ರೀತಿಯನ್ನು ಪರಿಶೀಲಿಸಿದಾಗ ಆ ಮಾತು ಸಾಲದೆಂದು ನಮಗೆ ತೋರುತ್ತದೆ.

ಕರಿಮದ್ದಿನಲ್ಲಿ ನೂರಕ್ಕೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಲು, 10 ಪಾಲು ಗಂಧಕವಿರುತ್ತವೆ. ಅದು ಉರಿದಾಗ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಘನಪದಾರ್ಥವಾಗುತ್ತದೆ. ದಟ್ಟ ಹೊಗೆಗೂ ನಳಿಗೆಯ ಕಿಟ್ಟಕ್ಕೂ ಇದೇ ಮೂಲ. ಆದರೆ ಒತ್ತಡ ಏರಿದರೂ ಅದರ ಉರಿಯ ವೇಗ ಅಷ್ಟಾಗಿ ಏರದು. ಹೈದರ್ ಮತ್ತು ಟಿಪ್ಪುವಿನ ಕಾಲದ ಕಬ್ಬಿಣದ ಕೊಳವೆಯ ಅಗ್ನಿಬಾಣಗಳಿಗೆ ಇಂಥ ನಿಧಾನವಾದ ಉರಿಯೇ ಬೇಕಾಗಿತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯೊಂದರಲ್ಲಿ ಈ ಬಗೆಯ ಸಾವಿರಕ್ಕೂ ಮಿಕ್ಕ ಬಾಣಗಳು ದೊರೆತಿವೆ.

ಫ್ರಾನ್ಸಿನ ಪಾಲ್ ವಿಯೇ 1884ರಲ್ಲಿ ನಿರ್ಧೂಮ ಮದ್ದನ್ನು ಸಿದ್ಧಪಡಿಸಿದನು. ಬ್ರಿಟಿಷರ ಕಾರ್ಡೈಟ್ 1889ರದು. ಇದು ಬಹುಮಟ್ಟಿಗೆ ಪೂರ್ಣವಾಗಿ ಅನಿಲವಾಗುತ್ತದೆ. ಒತ್ತಡ ಏರಿದಂತೆ ಉರಿಯೂ ಚುರುಕಾಗುವುದರಿಂದ, ಎಳೆಯ ದಪ್ಪ ಮತ್ತು ಆಕಾರಗಳಿಂದಲೇ ಅದನ್ನು ಹದಗೊಳಿಸಬೇಕು. ಅದರ ಕಾವು ಲೀ-ಮೆಟ್‌ಫರ್ಡ್ ಬಂದೂಕಿನ ಆಳವಿಲ್ಲದ ಸುರುಳಿಗೆರೆಗಳನ್ನು ಬೇಗನೆ ಸವೆಸಿತು. 1895ರಲ್ಲಿ ಆಳವಾದ ಗೆರೆಗಳ ಲೀ-ಎನ್‌ಫೀಲ್ಡ್ ಬಂದಿತು.

ಹೀಗೆ ಮದ್ದಿನ ಗುಣವೇ ಆಯುಧದ ರೂಪವನ್ನು ತಿದ್ದಿತು. ಆದುದರಿಂದ ಹಳೆಯ ಮದ್ದನ್ನು ಹೊಸದರ ಅಪೂರ್ಣ ರೂಪವೆಂದು ಎಣಿಸದೆ, ಅದು ಯಾವ ಕೆಲಸಕ್ಕೆ ಒದಗಿತೆಂಬುದನ್ನು ವಿದ್ಯಾರ್ಥಿಗಳು ಮೊದಲು ವಿಚಾರಿಸುವುದು ಯುಕ್ತ.