ಸಣ್ಣಾಟದ ಒರಟು ನಗೆಯೂ ಹರೆಯದ ಪ್ರೇಕ್ಷಕರೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸುತ್ತಲಿನ ಸೀಮೆಯು ಸಣ್ಣಾಟಕ್ಕೆ ಹೆಸರಾದುದು. ದೊಡ್ಡಾಟವು ಪುರಾಣದ ವೀರರನ್ನು ಕಿರೀಟ ಭುಜಕೀರ್ತಿಗಳೊಡನೆ ರಂಗಕ್ಕೆ ತರುತ್ತದೆ. ಸಣ್ಣಾಟವಾದರೋ ನೆರೆಮನೆಯವರ ಬಾಳನ್ನು ನೆರೆಮನೆಯ ಮಾತಿನಲ್ಲಿಯೇ ಆಡಿ ತೋರಿಸುತ್ತದೆ. 'ಶ್ರೀಕೃಷ್ಣಪಾರಿಜಾತ'ದಲ್ಲಿ ದೇವರ ಮನೆಯ ಕಥೆ ಕೂಡ ಸವತಿಯರ ಜಗಳವಾಗಿ ಇಳಿದುಬರುತ್ತದೆ. ಈ ಆಟಗಳ ವಿಡಂಬನೆ ತೀಕ್ಷ್ಣವಾದುದು, ನಗೆ ಒರಟಾದುದು. ಇಂಥ ನಗೆಯು ಹದಿಹರೆಯದ ವಿದ್ಯಾರ್ಥಿಗಳಿಗೆ ತಕ್ಕುದೇ ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನದಲ್ಲಿ 'ಸಂಗ್ಯಾ ಬಾಳ್ಯಾ' ಎಂಬ ಆಟವನ್ನು ಮುಂದಿಟ್ಟುಕೊಂಡು ವಿಚಾರಿಸಬಯಸುತ್ತೇವೆ.

ಮೊದಲು ರಾಜ್ಯಾಡಳಿತವು ಈ ಪ್ರಶ್ನೆಯನ್ನು ಹೇಗೆ ಬಗೆಹರಿಸಿತೆಂಬುದನ್ನು ನೋಡುವದು ಲೇಸು. 1876ರಲ್ಲಿ ಕಲಕತ್ತೆಯ ರಂಗಮಂದಿರವೊಂದು, ವೇಲ್ಸ್ ರಾಜಕುಮಾರನನ್ನು ತನ್ನ ಮನೆಯ ಅಂತಃಪುರಕ್ಕೆ ಕರೆದ ಗೃಹಸ್ಥನೊಬ್ಬನನ್ನು ಗೇಲಿಮಾಡಿ 'ಗಜದಾನಂದ' ಎಂಬ ಪ್ರಹಸನವನ್ನು ಆಡಿತು. ಸರಕಾರವು ಕೆರಳಿ ಮೊದಲು ಸುಗ್ರೀವಾಜ್ಞೆಯನ್ನೂ, ಅದೇ ವರ್ಷ ನಾಟಕ ಪ್ರಯೋಗಗಳ ಕಾಯಿದೆಯನ್ನೂ ಹೊರಡಿಸಿತು. ಹೀಗೆ ಭಾರತದ ರಂಗಭೂಮಿಗೆ ಬಿದ್ದ ಕಡಿವಾಣದ ಹಿಂದೆಯೂ ಒಂದು ಒರಟು ವಿಡಂಬನೆಯೇ ಇದ್ದಿತು. ಈ ಕಾಯಿದೆಯು ಪ್ರೇಕ್ಷಕರನ್ನು ಕೆಡಿಸುವಂಥ ಪ್ರಯೋಗವನ್ನು ನಿಷೇಧಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. ಆದರೆ ಪ್ರೇಕ್ಷಕರ ವಯಸ್ಸನ್ನು ಮಾತ್ರ ಎಣಿಸಲಿಲ್ಲ. ಅದರ 12ನೆಯ ಕಲಮು ಬಂಗಾಲದ 'ಜಾತ್ರಾ' ಆಟಗಳನ್ನೂ ಧಾರ್ಮಿಕ ಉತ್ಸವಗಳಲ್ಲಿ ನಡೆಯುವ ಅಂಥ ಪ್ರಯೋಗಗಳನ್ನೂ ಹೊರಗಿಟ್ಟಿತು. ನಮ್ಮ ಊರ ಜಾತ್ರೆಗಳ ಆಟವೂ ಈ ವಿನಾಯಿತಿಗೆ ಸಲ್ಲಬಹುದಾಗಿದ್ದಿತು. ರಾಮದುರ್ಗವಂತೂ 1948ರ ವರೆಗೆ ಬೇರೆಯೇ ಸಂಸ್ಥಾನವಾಗಿದ್ದಿತು. ಆ ಕಾಯಿದೆ 2018ರಲ್ಲಿ ರದ್ದಾಯಿತು.

ವಯಸ್ಸಿನ ಲೆಕ್ಕವನ್ನು ಹಿಡಿದುದು ಚಲನಚಿತ್ರದ ಕಾನೂನು. 1952ರ ಕಾಯಿದೆಯು ಎಲ್ಲರೂ ನೋಡಬಹುದಾದ ಚಿತ್ರ, ವಯಸ್ಕರಿಗೆ ಮಾತ್ರ ಸಲ್ಲುವ ಚಿತ್ರ ಎಂಬ ಎರಡೇ ವರ್ಗಗಳನ್ನು ಮಾಡಿತ್ತು. 1983ರಲ್ಲಿ 12 ವರ್ಷದೊಳಗಿನವರಿಗೆ ಪಾಲಕರ ಎಚ್ಚರವನ್ನು ಬಯಸುವ ನಡುವಣ ವರ್ಗವು ಸೇರಿತು. 2023ರ ತಿದ್ದುಪಡಿಯು ಆ ನಡುವಣ ವರ್ಗವನ್ನು 7, 13, 16 ವರ್ಷಗಳ ಮೂರು ಮೆಟ್ಟಿಲುಗಳಾಗಿ ಒಡೆಯಿತು. ಹರೆಯವು ಒಂದೇ ದಿನದಲ್ಲಿ ದಾಟುವ ಹೊಸ್ತಿಲಲ್ಲವೆಂಬುದನ್ನು ಒಪ್ಪಿಕೊಳ್ಳಲು ಕಾನೂನಿಗೆ ಎಪ್ಪತ್ತು ವರ್ಷಗಳು ಹಿಡಿದವು.

ಇನ್ನು ಆಟದ ವಿಷಯ. 'ಸಂಗ್ಯಾ ಬಾಳ್ಯಾ'ವನ್ನು ಬೈಲಹೊಂಗಲದ ಹತ್ತಿರದ ಬೈಲವಾಡದ ಪತ್ತಾರ ಮಾಸ್ತರರು ರಚಿಸಿದರೆಂದೂ, ಬೈಲಹೊಂಗಲದಲ್ಲಿ ನಿಜವಾಗಿ ನಡೆದ ಕೊಲೆಯೇ ಅದಕ್ಕೆ ಮೂಲವೆಂದೂ ಪ್ರತೀತಿಯಿದೆ. ಸಿರಿವಂತ ತರುಣನಾದ ಸಂಗ್ಯಾ, ವ್ಯಾಪಾರಿಯಾದ ಈರ್ಯಾನ ಹೆಂಡತಿ ಗಂಗಿಗೆ ಮನಸೋಲುತ್ತಾನೆ. ಗೆಳೆಯ ಬಾಳ್ಯಾ ಅವನಿಗೆ ಜೊತೆ. ಮುದುಕಿ ಪರಮ್ಮ ನಡುವಿನ ದೂತಿ. ಈರ್ಯಾ ವ್ಯಾಪಾರಕ್ಕೆ ಊರು ಬಿಟ್ಟಾಗ ಸಂಬಂಧ ಬೆಳೆಯುತ್ತದೆ. ಸುದ್ದಿ ತಿಳಿದ ಮೇಲೆ ಬಾಳ್ಯಾ ಆಮಿಷಕ್ಕೆ ಬಿದ್ದು ಗೆಳೆಯನಿಗೆ ಎರಡು ಬಗೆಯುತ್ತಾನೆ. ಈರ್ಯಾನೂ ಅವನ ತಮ್ಮಂದಿರೂ ಸಂಗ್ಯಾನನ್ನು ಕೊಲ್ಲುತ್ತಾರೆ.

ಆಕ್ಷೇಪವೆಲ್ಲ ಬೀಳುವದು ಪರಮ್ಮನ ಪ್ರವೇಶಗಳ ಮೇಲೆ. ಅವಳ ಎರಡರ್ಥದ ಮಾತು, ಸಂಗ್ಯಾನೊಡನೆ ಅವಳು ಮಾಡುವ ಚೌಕಾಶಿ, ಇವೇ ಸಭೆಯನ್ನು ನಗಿಸುವ ಭಾಗಗಳು. ಇವನ್ನು ಕತ್ತರಿಸಿದರೆ ಆಟವು ಶುದ್ಧವಾಗುವದೆಂಬುದು ಕೆಲವರ ಎಣಿಕೆ. ನಾವು ಇದನ್ನು ಒಪ್ಪಲಾರೆವು. ಪರಮ್ಮನ ನಗೆಯಲ್ಲಿ ಪ್ರೇಕ್ಷಕನೂ ಪಾಲುಗಾರನಾಗುತ್ತಾನೆ. ಅವನು ನಕ್ಕದ್ದರಿಂದಲೇ ಕೊನೆಯ ಹೆಣವು ಅವನ ಮನಸ್ಸನ್ನು ಚುಚ್ಚುತ್ತದೆ. ನಗೆಯನ್ನು ತೆಗೆದರೆ ಉಳಿಯುವದು ತಪ್ಪು ಮಾಡಿದವನಿಗೆ ಶಿಕ್ಷೆಯಾಯಿತೆಂಬ ಬರಿಯ ಬೋಧೆ. ಅಶ್ಲೀಲತೆಯನ್ನು ಬಿಡಿ ಭಾಗದಿಂದಲ್ಲ, ಇಡಿಯ ಕೃತಿಯಿಂದ ಅಳೆಯತಕ್ಕದ್ದೆಂಬ ತತ್ತ್ವವನ್ನು ಸುಪ್ರೀಂ ಕೋರ್ಟು 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಎತ್ತಿಹಿಡಿದಿರುವದು ಇಲ್ಲಿ ಸ್ಮರಣೀಯ.

ಹಾಗೆಂದು ಆಟವು ನಿರಪಾಯಕಾರಿಯೆಂದು ನಾವು ಹೇಳುವದಿಲ್ಲ. ಅಪಾಯವಿರುವದು ಬೇರೆಡೆಯಲ್ಲಿ. ಮನೆತನದ ಮಾನದ ಹೆಸರಿನಲ್ಲಿ ಅಣ್ಣತಮ್ಮಂದಿರು ಕೂಡಿ ಮಾಡುವ ಕೊಲೆಯನ್ನು ನೋಡುಗನು ನ್ಯಾಯವೆಂದೇ ಬಗೆದು ಮನೆಗೆ ಹೋಗಬಹುದು. ಗಂಗಿಯ ಮನಸ್ಸಿನಲ್ಲಿ ಏನಿತ್ತೆಂದು ಕೇಳುವವರೇ ಇಲ್ಲದಾಗಬಹುದು. ಹದಿನಾರರ ಹುಡುಗನಿಗೆ ಪರಮ್ಮನ ಮಾತು ಹೊಸದಲ್ಲ. ಅದನ್ನು ಅವನು ಸಂತೆಯಲ್ಲಿಯೂ ಕೇಳಿರುತ್ತಾನೆ. ಆದರೆ ಮಾನಕ್ಕಾಗಿ ಕೊಲ್ಲಬಹುದೆಂಬ ನಂಬಿಕೆಯು, ಯಾರೂ ಪ್ರಶ್ನಿಸದೆ ಬಿಟ್ಟರೆ, ಅವನಲ್ಲಿ ಗಟ್ಟಿಯಾಗಿ ನಿಲ್ಲಬಲ್ಲುದು. ಬೈಗುಳವನ್ನು ಎಣಿಸುವ ಪರೀಕ್ಷಕನ ಕಣ್ಣಿಗೆ ಇದು ಬೀಳುವದಿಲ್ಲ. ಏಕೆಂದರೆ ಕೊಲೆಯ ದೃಶ್ಯದಲ್ಲಿ ಕತ್ತರಿಸಬೇಕಾದ ಮಾತೇ ಇಲ್ಲ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಚಿಕ್ಕ ಮಕ್ಕಳಿಗೆ ಈ ಆಟವು ಬೇಡ. ಪದವಿಪೂರ್ವ ತರಗತಿಯಿಂದ ಮೇಲಿನವರಿಗೆ ಅದನ್ನು ತೋರಿಸಬಹುದು, ಓದಿಸಲೂಬಹುದು. ಆದರೆ ಇಡಿಯಾಗಿ, ಕತ್ತರಿ ಹಾಕದೆ. ಮರುದಿನ ತರಗತಿಯಲ್ಲಿ ಅಧ್ಯಾಪಕರು ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು: ನಾವು ಯಾರನ್ನು ನೋಡಿ ನಕ್ಕೆವು? ಬಾಳ್ಯಾ ಏನನ್ನು ಮಾರಿಕೊಂಡನು? ಕೊಲೆಯಿಂದ ಯಾರ ಮಾನ ಉಳಿಯಿತು? ಈ ಪ್ರಶ್ನೆಗಳನ್ನು ಕೇಳಲು ಸಿದ್ಧರಿಲ್ಲದ ಕಡೆ ಆಟವನ್ನು ಆಡಿಸದಿರುವದೇ ಮೇಲು.