ಆಗುಸ್ತಿನ್ ಬಾರಿಯೋಸ್: ಧ್ವನಿಮುದ್ರಿಕೆಗಳ ಸಾಕ್ಷ್ಯ

ದಕ್ಷಿಣ ಅಮೆರಿಕದ ಪರಾಗ್ವೆ ದೇಶದವನಾದ ಆಗುಸ್ತಿನ್ ಬಾರಿಯೋಸನು (1885–1944) ಗಿಟಾರ್ ವಾದ್ಯಕ್ಕೆ ಕೃತಿಗಳನ್ನು ರಚಿಸಿದವರ ಪೈಕಿ ಇಂದು ಅಗ್ರಪಂಕ್ತಿಯಲ್ಲಿ ಗಣಿತನಾಗಿದ್ದಾನೆ. ಆದರೆ ಅವನು ತೀರಿಕೊಂಡ ಸುಮಾರು ಮೂರು ದಶಕಗಳವರೆಗೆ ಲ್ಯಾಟಿನ್ ಅಮೆರಿಕದ ಹೊರಗೆ ಅವನ ಹೆಸರನ್ನು ಬಲ್ಲವರು ವಿರಳವಾಗಿದ್ದರು. ಈ ವಿಸ್ಮೃತಿಗೆ ಕಾರಣವೇನು, ಅದು ನೀಗಿದ ಬಗೆ ಯಾವುದು ಎಂಬುದನ್ನು ಇಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

ಅಸುನ್ಸಿಯೋನ್ ನಗರದಲ್ಲಿ ಗುಸ್ತಾವೊ ಸೋಸಾ ಎಸ್ಕಲಾಡಾ ಎಂಬ ಗುರುವಿನಲ್ಲಿ ಕ್ರಮವಾದ ಶಿಕ್ಷಣ ಪಡೆದ ಬಾರಿಯೋಸನು 1910ರಲ್ಲಿ ಸ್ವದೇಶವನ್ನು ಬಿಟ್ಟು ಹೊರಟನು. ಅಲ್ಲಿಂದ ಮುಂದೆ ಅವನ ಬಾಳು ಬಹುಮಟ್ಟಿಗೆ ಸಂಚಾರದ್ದೇ. ಅರ್ಜೆಂಟೀನಾ, ಉರುಗ್ವೆ, ಬ್ರೆಜಿಲ್‌ಗಳಲ್ಲಿ ಊರೂರು ಅಲೆದು ನುಡಿಸಿದನು, ನುಡಿಸುತ್ತಲೇ ರಚಿಸಿದನು. ರಚಿಸಿದ್ದನ್ನು ಬರೆದಿಡುವುದರಲ್ಲಿ ಮಾತ್ರ ಅವನಿಗೆ ಆಸ್ಥೆ ಕಡಮೆ. ಉರುಗ್ವೆಯ ಮಿತ್ರನಾದ ಮಾರ್ಟಿನ್ ಬೋರ್ಡಾ ಇ ಪಾಗೋಲಾ ಒತ್ತಾಯಿಸಿ ಬರೆಯಿಸದಿದ್ದರೆ ಇನ್ನೆಷ್ಟು ಕೃತಿಗಳು ನಷ್ಟವಾಗುತ್ತಿದ್ದುವೋ!

ಸಮಕಾಲೀನ ವಿದ್ವದ್ವಲಯವು ಅವನನ್ನು ಪೂರ್ಣವಾಗಿ ಒಪ್ಪಿಕೊಳ್ಳಲಿಲ್ಲ. ಸ್ಪೇನಿನ ಆಂದ್ರೇಸ್ ಸೆಗೋವಿಯಾನಂತಹ ವಾದಕರು ಕರುಳಿನ ತಂತಿಯನ್ನು ಬಳಸುತ್ತಿದ್ದ ಕಾಲದಲ್ಲಿ ಬಾರಿಯೋಸನು ಲೋಹದ ತಂತಿಯನ್ನು ಮೀಟುತ್ತಿದ್ದನು. ಬೀದಿಯ ವಾದ್ಯಕ್ಕೆ ಒಪ್ಪುವ ನಾದವೆಂಬ ಆಕ್ಷೇಪವನ್ನು ಕೇಳಬೇಕಾಯಿತು. ಅವನ ಶೈಲಿಯಾದರೂ ಹಿಂದಿನ ಶತಮಾನದ ರಮ್ಯಪಂಥದ್ದು. 1930ರ ದಶಕದಲ್ಲಿ ಅವನು ಗರಿಗಳ ವೇಷ ತೊಟ್ಟು 'ನಿತ್ಸುಗ ಮಾಂಗೋರೆ' ಎಂಬ ಹೆಸರಿನಿಂದ ವೇದಿಕೆಗೆ ಬಂದುದೂ ಉಂಟು. ನಿತ್ಸುಗ ಎಂಬುದು ಆಗುಸ್ತಿನ್ ಎಂಬುದರ ಅಕ್ಷರಗಳನ್ನು ತಿರುಗಿಸಿದ ರೂಪ. ಮಾಂಗೋರೆ ಎಂಬುದು ಗ್ವಾರಾನಿ ಜನರ ನಾಯಕನೊಬ್ಬನ ಹೆಸರು. ಇದನ್ನು ಕೇವಲ ಪ್ರದರ್ಶನತಂತ್ರವೆಂದು ತಳ್ಳಿಹಾಕುವುದು ಯುಕ್ತವಲ್ಲವೆಂದು ನಾವು ಭಾವಿಸುತ್ತೇವೆ. ಮೂಲನಿವಾಸಿಗಳ ನುಡಿಯಾದ ಗ್ವಾರಾನಿಯು ಸ್ಪ್ಯಾನಿಷ್ ಭಾಷೆಯ ಜೊತೆಗೆ ಜನಸಾಮಾನ್ಯರ ಬಾಯಲ್ಲಿ ಉಳಿದಿರುವ ದೇಶ ಪರಾಗ್ವೆ. ಆ ವೇಷದಲ್ಲಿ ಹೊಟ್ಟೆಪಾಡಿನ ಜೊತೆಗೆ ಅಭಿಮಾನವೂ ಬೆರೆತಿತ್ತು.

ಬರಹದಲ್ಲಿ ಉಳಿಯದಿದ್ದುದನ್ನು ಯಂತ್ರವು ಉಳಿಸಿತು. 1910ರ ದಶಕದಿಂದಲೇ ಬಾರಿಯೋಸನು ಗ್ರಾಮಾಫೋನ್ ತಟ್ಟೆಗಳಿಗೆ ನುಡಿಸಿದ್ದನು. ಗಿಟಾರ್ ವಾದಕರಲ್ಲಿ ಇಷ್ಟು ಮೊದಲೇ ಧ್ವನಿಮುದ್ರಣ ಮಾಡಿಸಿದವರು ಕೆಲವರೇ. 1970ರ ದಶಕದಲ್ಲಿ ರಿಚರ್ಡ್ ಸ್ಟೋವರ್ ಎಂಬ ಅಮೆರಿಕದ ವಿದ್ವಾಂಸನು ಹಸ್ತಪ್ರತಿಗಳನ್ನು ಕಲೆಹಾಕಿ, ಪ್ರತಿಗಳು ದೊರೆಯದೆಡೆ ತಟ್ಟೆಗಳನ್ನು ಕೇಳಿ ಸ್ವರಲಿಪಿಯನ್ನು ಬರೆದು ಪ್ರಕಟಿಸಿದನು. 1977ರಲ್ಲಿ ಜಾನ್ ವಿಲಿಯಮ್ಸನು ಬಾರಿಯೋಸನ ಕೃತಿಗಳಿಗೇ ಮೀಸಲಾದ ಧ್ವನಿಮುದ್ರಿಕೆಯನ್ನು ಹೊರತಂದ ಮೇಲೆ ಜಗತ್ತು ಕಣ್ತೆರೆಯಿತು.

ಆದರೆ ತಟ್ಟೆಯೂ ಒಂದು ಪಾಠವೇ ಹೊರತು ಮೂಲವಲ್ಲ. ತಟ್ಟೆಯ ಒಂದು ಮುಖದಲ್ಲಿ ಮೂರು ನಾಲ್ಕು ನಿಮಿಷಗಳಿಗಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಕೃತಿಯು ಆ ಅಳತೆಗೆ ಒಗ್ಗಬೇಕಾಗಿತ್ತು. 'ಲಾ ಕತೆದ್ರಾಲ್' ಎಂಬ ಪ್ರಸಿದ್ಧ ರಚನೆಯನ್ನೇ ನೋಡಬಹುದು. 1921ರಲ್ಲಿ ಅದಕ್ಕೆ ಇದ್ದುವು ಎರಡೇ ಭಾಗಗಳು: ದೇವಾಲಯದ ಗಾಂಭೀರ್ಯವುಳ್ಳ ವಿಳಂಬಭಾಗವೊಂದು, ಬೀದಿಯ ಗದ್ದಲದಂತಹ ದ್ರುತಭಾಗವೊಂದು. ಇಂದು ಮೊದಲಿಗೆ ನುಡಿಸುವ 'ಸೌದಾದೆ' ಎಂಬ ಪೀಠಿಕೆ 1938ರಲ್ಲಿ ಸೇರಿದುದು. ಆದಕಾರಣ 1920ರ ದಶಕದ ತಟ್ಟೆಯಲ್ಲಿ ಪೀಠಿಕೆಯಿಲ್ಲ. ಹಳಗನ್ನಡ ಕಾವ್ಯಗಳ ಪಾಠಾಂತರಗಳೊಡನೆ ಸೆಣಸಿದವರಿಗೆ ಈ ತೊಡಕು ಹೊಸದಲ್ಲ. ಇಲ್ಲಿ ಎರಡು ಪಾಠಗಳೂ ಕರ್ತೃವಿನವೇ. ಒಂದನ್ನು ಶುದ್ಧವೆಂದು ಇನ್ನೊಂದನ್ನು ಪ್ರಕ್ಷಿಪ್ತವೆಂದು ಹೇಳುವಂತಿಲ್ಲ.

ಕಡೆಗಾಲದಲ್ಲಿ ಬಾರಿಯೋಸನು ಎಲ್ ಸಾಲ್ವಡಾರ್ ದೇಶದಲ್ಲಿ ನೆಲಸಿ ಶಿಷ್ಯರಿಗೆ ಪಾಠ ಹೇಳಿದನು. 1944ರ ಆಗಸ್ಟ್ 7ರಂದು ಸಾನ್ ಸಾಲ್ವಡಾರ್ ನಗರದಲ್ಲಿ ನಿಧನನಾದನು. ಅವನ ಕೊನೆಯ ರಚನೆ ಅದೇ ವರ್ಷದ್ದು. ದೇವರ ಹೆಸರಿನಲ್ಲಿ ಭಿಕ್ಷೆ ಬೇಡುವವರ ಮಾತೇ ಅದರ ಶೀರ್ಷಿಕೆ. ಬಾಗಿಲು ತಟ್ಟುವ ಸದ್ದಿನಂತೆ ಕೆಳಗಿನ ತಂತಿಯಲ್ಲಿ ಒಂದು ಬಡಿತವು ಅದರಲ್ಲಿ ಉದ್ದಕ್ಕೂ ಕೇಳಿಬರುತ್ತದೆ.