ಅಂಗವೈಕಲ್ಯ ಬಂದಾಗ ಪಿ.ಎಫ್. ಹಣ ಮತ್ತು ಪಿಂಚಣಿ: ತಿಳಿದಿರಬೇಕಾದ ವಿಷಯಗಳು

ಬೀಡಿ ಕಟ್ಟುವವರು, ಗೇರುಬೀಜ ಕಾರ್ಖಾನೆಯಲ್ಲಿ ದುಡಿಯುವವರು, ಶಾಲೆ-ಆಸ್ಪತ್ರೆಗಳ ಸಿಬ್ಬಂದಿ ಹೀಗೆ ನಮ್ಮ ಧರ್ಮಕೇಂದ್ರಗಳಲ್ಲಿ ಪಿ.ಎಫ್. ಇರುವ ಕುಟುಂಬಗಳು ಅನೇಕ. ಇವರಲ್ಲಿ ಯಾರಾದರೂ ಪಾರ್ಶ್ವವಾಯು ಬಡಿದೋ ಅಪಘಾತಕ್ಕೆ ಸಿಲುಕಿಯೋ ಇನ್ನು ದುಡಿಯಲಾರದ ಸ್ಥಿತಿಗೆ ಬಂದರೆ, ಆಸ್ಪತ್ರೆಯ ಖರ್ಚಿಗೆ ಮೊದಲು ನೆನಪಾಗುವುದು ಪಿ.ಎಫ್. ಹಣ. ಅದನ್ನು ತೆಗೆದರೆ ಅಂಗವೈಕಲ್ಯ ಪಿಂಚಣಿ ತಪ್ಪುತ್ತದೆಯೇ ಎಂಬ ಪ್ರಶ್ನೆ ಆಗ ಏಳುತ್ತದೆ. ಪಿ.ಎಫ್. ತೆಗೆದರೆ ಪಿಂಚಣಿ ತಪ್ಪುವುದಿಲ್ಲ. ತಪ್ಪು ಫಾರಂ ತುಂಬಿದರೆ ತಪ್ಪುತ್ತದೆ.

ಎರಡು ಬೇರೆ ಖಾತೆಗಳು

ನೌಕರನ ಸಂಬಳದಿಂದ ಕಡಿತವಾಗುವ ಹಣ ಪೂರ್ತಿಯಾಗಿ ಭವಿಷ್ಯನಿಧಿಗೆ, ಅಂದರೆ ಪಿ.ಎಫ್.ಗೆ ಹೋಗುತ್ತದೆ. ಮಾಲೀಕರು ಕೊಡುವ ಪಾಲಿನಲ್ಲಿ ಸಂಬಳದ ಶೇ. 8.33 ಭಾಗ ನೌಕರರ ಪಿಂಚಣಿ ಯೋಜನೆಗೆ (ಇ.ಪಿ.ಎಸ್.) ಸೇರುತ್ತದೆ. ಈ ಯೋಜನೆ ಆರಂಭವಾದದ್ದು 1995ರ ನವೆಂಬರ್ 16ರಂದು. ಪಿ.ಎಫ್. ನಮ್ಮ ಉಳಿತಾಯ, ಇ.ಪಿ.ಎಸ್. ಒಂದು ಬಗೆಯ ವಿಮೆ. ಪಿ.ಎಫ್.ನಲ್ಲಿ ಎಷ್ಟೇ ಲಕ್ಷವಿದ್ದರೂ ಅದರಿಂದ ಇ.ಪಿ.ಎಸ್. ಪಿಂಚಣಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ.

ಅಂಗವೈಕಲ್ಯ ಪಿಂಚಣಿ ಯಾರಿಗೆ?

ಸಾಮಾನ್ಯ ಪಿಂಚಣಿಗೆ 10 ವರ್ಷಗಳ ಸೇವೆ ಬೇಕು. ಆದರೆ ಕೆಲಸದಲ್ಲಿರುವಾಗಲೇ ಶಾಶ್ವತ ಮತ್ತು ಪೂರ್ಣ ಅಂಗವೈಕಲ್ಯ ಬಂದವರಿಗೆ ಈ ನಿಯಮವಿಲ್ಲ. ಒಂದು ತಿಂಗಳ ವಂತಿಗೆ ಸಂದಿದ್ದರೂ ಸಾಕು. ಕೆಲಸದ ಸ್ಥಳದಲ್ಲೇ ಪೆಟ್ಟಾಗಿರಬೇಕೆಂದೂ ಇಲ್ಲ. ರಸ್ತೆ ಅಪಘಾತವಾಗಲಿ, ಕಾಯಿಲೆಯಾಗಲಿ, ಮಾಡುತ್ತಿದ್ದ ಕೆಲಸಕ್ಕೆ ಇನ್ನು ಯೋಗ್ಯರಲ್ಲ ಎಂಬುದು ವೈದ್ಯಕೀಯ ತಪಾಸಣೆಯಲ್ಲಿ ದೃಢಪಡಬೇಕು. ಇ.ಎಸ್.ಐ.ಯ ಅಂಗವೈಕಲ್ಯ ಪರಿಹಾರಕ್ಕೆ ಹಾಗಲ್ಲ, ಅದಕ್ಕೆ ಕೆಲಸಕ್ಕೆ ಸಂಬಂಧಿಸಿದ ಗಾಯವೇ ಆಗಿರಬೇಕು.

ಪಿಂಚಣಿ ಲೆಕ್ಕ ಹೀಗೆ: ಪಿಂಚಣಿಗೆ ಪರಿಗಣಿಸುವ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಸಂಬಳ 15,000 ರೂ., ಸೇವೆ 8 ವರ್ಷವಾದರೆ ತಿಂಗಳಿಗೆ ಸುಮಾರು 1,714 ರೂ. ಲೆಕ್ಕಕ್ಕೆ ಎಷ್ಟೇ ಕಡಿಮೆ ಬಂದರೂ ಕನಿಷ್ಠ 1,000 ರೂ. ಎಂದು 2014ರ ಸೆಪ್ಟೆಂಬರ್ 1ರಿಂದ ನಿಗದಿಯಾಗಿದೆ. ಮೊತ್ತ ಸಣ್ಣದೆನಿಸಬಹುದು. ಆದರೆ ಇದು ಜೀವನಪೂರ್ತಿ ಬರುತ್ತದೆ. ಸದಸ್ಯರ ನಂತರ ಪತಿ ಅಥವಾ ಪತ್ನಿಗೂ ಪಿಂಚಣಿಯಿದೆ.

ತಪ್ಪುವುದು ಎಲ್ಲಿ?

ಕೆಲಸ ಬಿಟ್ಟವರು ಸಾಮಾನ್ಯವಾಗಿ ಪಿ.ಎಫ್.ಗೆ ಫಾರಂ 19, ಪಿಂಚಣಿ ಹಣಕ್ಕೆ ಫಾರಂ 10-ಸಿ ಎರಡನ್ನೂ ಒಟ್ಟಿಗೆ ತುಂಬುತ್ತಾರೆ. ಹತ್ತು ವರ್ಷವಾಗದವರು 10-ಸಿ ಮೂಲಕ ಪಿಂಚಣಿ ಹಣವನ್ನು ಒಂದೇ ಗಂಟಾಗಿ ಪಡೆದರೆ ಅಲ್ಲಿಗೆ ಪಿಂಚಣಿ ಯೋಜನೆಯ ಸದಸ್ಯತ್ವ ಮುಗಿಯಿತು. ಅಂಗವೈಕಲ್ಯ ಬಂದವರು ತುಂಬಬೇಕಾದದ್ದು ಫಾರಂ 10-ಡಿ.

ಆರೋಗ್ಯವಾಗಿರುವಾಗ ಕೆಲಸ ಬದಲಿಸುವವರಿಗೂ ಇದು ಪಾಠ. ಪ್ರತಿ ಸಲ ಪಿಂಚಣಿ ಹಣ ತೆಗೆದರೆ ಹಿಂದಿನ ಸೇವೆ ಲೆಕ್ಕದಿಂದ ಅಳಿಯುತ್ತದೆ. ಅದನ್ನು ಹೊಸ ಕೆಲಸದ ಖಾತೆಗೆ ವರ್ಗಾಯಿಸುವುದೇ ಒಳಿತು. ಕೆಲಸ ಬಿಟ್ಟವರು ಪಿಂಚಣಿ ಹಣ ತೆಗೆಯಲು 2 ತಿಂಗಳ ಬದಲು 36 ತಿಂಗಳು ಕಾಯಬೇಕೆಂದು ಭವಿಷ್ಯನಿಧಿಯ ಕೇಂದ್ರ ಮಂಡಳಿ 2025ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿದ್ದೂ ಸೇವೆ ಹೀಗೆ ಕಡಿದುಹೋಗದಿರಲಿ ಎಂದೇ.

ಗಮನಿಸಬೇಕಾದ ಅಂಶಗಳು

1. ರಾಜೀನಾಮೆ ಕೊಡುವ ಮೊದಲು ವಿಚಾರಿಸಿ. ಕೆಲಸ ಬಿಟ್ಟ ಮೇಲೆ ಬಂದ ಅಂಗವೈಕಲ್ಯಕ್ಕೆ ಈ ಪಿಂಚಣಿ ಇಲ್ಲ. ಆದ್ದರಿಂದ ಅಂಗವೈಕಲ್ಯ ಬಂದ ದಿನಾಂಕಕ್ಕೆ ವೈದ್ಯಕೀಯ ದಾಖಲೆ ಬೇಕು.

2. ಕೆಲಸ ಬಿಟ್ಟ ಕಾರಣವನ್ನು ಮಾಲೀಕರು ‘ಶಾಶ್ವತ ಅಂಗವೈಕಲ್ಯ’ ಎಂದೇ ದಾಖಲಿಸಬೇಕು. ನಮ್ಮ ಸಂಸ್ಥೆಗಳ ಕಚೇರಿ ಸಿಬ್ಬಂದಿ ಇದನ್ನು ವಿಶೇಷವಾಗಿ ಗಮನಿಸಬೇಕು.

3. ಐದು ವರ್ಷದೊಳಗೆ ಪಿ.ಎಫ್. ತೆಗೆದರೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ. ಅನಾರೋಗ್ಯದಿಂದ ಕೆಲಸ ಹೋದವರಿಗೆ ವಿನಾಯಿತಿಯಿದೆ.

4. ಸರಕಾರದ ಅಂಗವಿಕಲ ವೇತನವೇ ಬೇರೆ. ಅಲ್ಲಿ ಕುಟುಂಬದ ಆರ್ಥಿಕ ಸ್ಥಿತಿಯನ್ನು ನೋಡುತ್ತಾರೆ. ಕೇಂದ್ರದ ಇಂದಿರಾ ಗಾಂಧಿ ಯೋಜನೆಗೆ ಬಡತನ ರೇಖೆಯ ಕೆಳಗಿರಬೇಕು, ಶೇ. 80ರಷ್ಟು ಅಂಗವೈಕಲ್ಯವೂ ಇರಬೇಕು. ಇ.ಪಿ.ಎಸ್. ಪಿಂಚಣಿ ಬರುತ್ತಿದ್ದರೆ ಅರ್ಜಿಯಲ್ಲಿ ಮುಚ್ಚಿಡಬೇಡಿ.

5. ಮನೆಯಲ್ಲಿ ಪೂರ್ಣ ಅಂಗವಿಕಲ ಮಗು ಇದ್ದರೆ ಅದರ ಹೆಸರೂ ದಾಖಲೆಯಲ್ಲಿರಲಿ. ಸದಸ್ಯರು ತೀರಿಕೊಂಡರೆ ಅಂಥ ಮಗುವಿನ ಪಿಂಚಣಿಗೆ 25 ವರ್ಷದ ಮಿತಿ ಇಲ್ಲ.

ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿರುವುದರಿಂದ, ಅರ್ಜಿ ಹಾಕುವ ಮುನ್ನ ಆ ದಿನದ ನಿಯಮವನ್ನು ಮಂಗಳೂರು ಅಥವಾ ಉಡುಪಿಯ ಭವಿಷ್ಯನಿಧಿ ಕಚೇರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ರೋಗಿಗಳ ಮನೆಗೆ ಭೇಟಿ ನೀಡುವ ನಮ್ಮ ವಾಳೆಯ ಗುರಿಕಾರರು ‘ಯಾವ ಫಾರಂ ತುಂಬಿದ್ದೀರಿ?’ ಎಂದು ಒಂದು ಮಾತು ಕೇಳಿದರೆ, ಆ ಮನೆಗೆ ಜೀವಮಾನದ ಆಸರೆ ಉಳಿದೀತು.